ರನ್ನೋ ಪಾಸೋ ಎಂಬ ವ್ಯಾಜ್ಯ

ನನ್ನ ಗಂಡ ಜೀವಮಾನದಲ್ಲಿ ಒಂದು ಚೆಂಡನ್ನೂ ನೆಟ್ಟಗೆ ಹಿಡಿದವರಲ್ಲ. ಮೈಸೂರಿನ ಅವರ ಬೀದಿಯ ಹುಡುಗರು ಅವರನ್ನು ಕ್ರಿಕೆಟ್ಟಿಗೆ ಸೇರಿಸಿಕೊಳ್ಳುತ್ತಿದ್ದದ್ದು ಸ್ಕೋರು ಬರೆಯುವುದಕ್ಕೆ ಮಾತ್ರ ಎಂದು ಅತ್ತೆಯವರೇ ನನಗೆ ಹೇಳಿದ್ದಾರೆ. ಅಂಥವರು ಜಪಾನಿನ ಸೆಂಡಾಯ್‌ಗೆ ಬಂದ ಹತ್ತು ಹನ್ನೆರಡು ವರ್ಷಗಳಲ್ಲಿ ಅಮೆರಿಕನ್ ಫುಟ್‌ಬಾಲಿನ ಮಹಾಪಂಡಿತರಾದರು. ಅಂಗಳ ಹಾರಲಾರದವನು ಆಕಾಶ ಹಾರಲು ಹೋದನಂತೆ.

ಸುನಾಮಿ ತಂದ ಆ ದೊಡ್ಡ ಭೂಕಂಪವಾದ ಮರುವರ್ಷ ನಾವು ಇಲ್ಲಿಗೆ ಬಂದೆವು. ಅವರಿಗೆ ವಿಶ್ವವಿದ್ಯಾಲಯದಲ್ಲಿ ಲೋಹಗಳ ಮೇಲೆ ಸಂಶೋಧನೆ. ಆಗ ಮಗಳಿಗೆ ಒಂಬತ್ತು ವರ್ಷ. ಅವಳು ಇಲ್ಲಿಯ ಶಾಲೆಗೆ ಹೋಗಿ, ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಜಪಾನಿಯಲ್ಲಿ ಉತ್ತರ ಕೊಡುವುದನ್ನು ಕಲಿತಳು. ಕೊನೆಗೆ ಅಪ್ಪನ ವಿಶ್ವವಿದ್ಯಾಲಯಕ್ಕೇ ಓದಲು ಸೇರಿದಳು, ಅಲ್ಲಿಯ ಫುಟ್‌ಬಾಲ್ ತಂಡಕ್ಕೂ ಸೇರಿದಳು. ಆಡಲು ಅಲ್ಲ. ಇಲ್ಲಿ ಹುಡುಗರ ತಂಡಗಳಲ್ಲಿ ಹುಡುಗಿಯರು ನೀರು ತುಂಬಿ ಕೊಡುತ್ತಾರೆ, ಬ್ಯಾಂಡೇಜು ಸುತ್ತುತ್ತಾರೆ, ವಿಡಿಯೋ ತೆಗೆಯುತ್ತಾರೆ. ಆ ನೆಪದಲ್ಲಿ ನನ್ನ ಗಂಡ ಭಾನುವಾರದ ಪಂದ್ಯಗಳಿಗೆ ಹೋಗತೊಡಗಿದರು. ಜೊತೆಗೆ ಇಬ್ಬರು ಗೆಳೆಯರು: ಅವರದೇ ಲ್ಯಾಬಿನ ಧಾರವಾಡದ ಸಂಶೋಧಕ ಒಬ್ಬ, ಬೆಂಗಳೂರಿನ ಕಂಪನಿ ಕಳಿಸಿದ ಸಾಫ್ಟ್‌ವೇರಿನವನು ಇನ್ನೊಬ್ಬ. ಮೂವರಿಗೂ ಪುಳಿಯೋಗರೆ ಕಟ್ಟಿಕೊಂಡು ಹೋಗುತ್ತಿದ್ದವಳು ನಾನು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕು ಅವಕಾಶಗಳಲ್ಲಿ ಚೆಂಡನ್ನು ಹತ್ತು ಗಜ ಮುಂದೆ ಒಯ್ಯಬೇಕು, ಒಯ್ದರೆ ಮತ್ತೆ ನಾಲ್ಕು ಸಿಗುತ್ತವೆ. ಒಯ್ಯುವುದಕ್ಕೆ ಎರಡು ದಾರಿ. ಒಬ್ಬನ ಹೊಟ್ಟೆಗೆ ಚೆಂಡು ತುರುಕಿ ಎದುರಾಳಿಗಳ ನಡುವೆ ನುಗ್ಗು ಎನ್ನುವುದು ರನ್. ದೂರ ಓಡಿ ನಿಂತವನಿಗೆ ಎಸೆಯುವುದು ಪಾಸ್. ರನ್ನಿನಲ್ಲಿ ಬರುವುದು ಎರಡು ಮೂರು ಗಜ, ಆದರೆ ಚೆಂಡು ನಮ್ಮ ಕೈಯಲ್ಲೇ ಇರುತ್ತದೆ. ಪಾಸು ಸಿಕ್ಕರೆ ಬಂಗಾರ, ನಡುವೆ ಎದುರಾಳಿ ಹಿಡಿದರೆ ಚೆಂಡು ಅವನ ಪಾಲು. ಪ್ರತಿ ಸಲವೂ ಯಾವುದು ಎಂದು ಒಬ್ಬರು ಮೊದಲೇ ತೀರ್ಮಾನಿಸಿ ಹೇಳಬೇಕು.

ಇಷ್ಟೇ. ಇಷ್ಟರ ಮೇಲೆ ಈ ಮೂವರು ಕಟ್ಟಿದ ವೇದಾಂತಕ್ಕೆ ಕೊನೆ ಮೊದಲಿಲ್ಲ. ನನ್ನ ಗಂಡ ಪಾಸ್ ಪಕ್ಷ. ರನ್ ಎಂದರೆ ಅವರಿಗೆ ಟೆಸ್ಟ್ ಪಂದ್ಯದಲ್ಲಿ ಊಟದ ಹೊತ್ತಿನ ತನಕ ಬ್ಲಾಕ್ ಮಾಡುವವನ ಆಟ. ಧಾರವಾಡದವನು ರನ್ ಪಕ್ಷ, ಸಿಂಗಲ್ ತೆಗೆಯುತ್ತ ಹೋದರೆ ಸ್ಕೋರು ತಾನೇ ಆಗುತ್ತದೆ ಎನ್ನುವವನು. ಸಾಫ್ಟ್‌ವೇರಿನವನದು ಎಲ್ಲಕ್ಕಿಂತ ಸುರಕ್ಷಿತವಾದ ಪಕ್ಷ. ಚೆಂಡು ಬಿದ್ದ ಮೇಲೆ ಅವನು ಬಾಯಿ ಬಿಡುತ್ತಿದ್ದ. ರನ್ ಸೋತರೆ "ನಾನ್ ಹೇಳ್ದೆ ಅಲ್ವಾ, ಪಾಸ್ ಮಾಡ್ಬೇಕಿತ್ತು", ಪಾಸ್ ಸೋತರೆ "ರನ್ ಇತ್ತಲ್ಲ ಗುರು, ಬೇಸಿಕ್ಸ್". ಅವನು ಒಮ್ಮೆಯೂ ತಪ್ಪಿದ್ದನ್ನು ನಾನು ಕಂಡಿಲ್ಲ.

ಜಪಾನಿನವರೂ ಇದೇ ವ್ಯಾಜ್ಯ ಮಾಡುತ್ತಿದ್ದರು. ತಂಡದ ಹಳೆಯ ವಿದ್ಯಾರ್ಥಿಗಳು, ತಲೆ ನರೆತವರು, ತೋಳು ಕಟ್ಟಿಕೊಂಡು ಕೂತು ಮೂಗಿನೊಳಗೇ "ಮತ್ತೆ ರನ್ನಾ" ಎಂದು ಗೊಣಗುತ್ತಿದ್ದರು. ಮೂರ್ಖತನದಲ್ಲಿ ಇವರಿಗೂ ಅವರಿಗೂ ಏನೂ ವ್ಯತ್ಯಾಸವಿರಲಿಲ್ಲ. ಆದರೆ ಅವರದು ಪಕ್ಕದವನಿಗೂ ಕೇಳಿಸುತ್ತಿರಲಿಲ್ಲ, ನಮ್ಮವರದು ಊರಿಗೆಲ್ಲ ಕೇಳಿಸುತ್ತಿತ್ತು. ಪರದೇಶದಲ್ಲಿ ಕನ್ನಡ ಎಂದರೆ ಬಾಗಿಲು ಹಾಕಿದ ಕೋಣೆ ಎಂದು ನಮ್ಮ ಗಂಡಸರ ನಂಬಿಕೆ. ಬಸ್ಸಿನಲ್ಲಿ ಎದುರಿಗೆ ಕೂತವರ ಕೂದಲಿನ ಬಗ್ಗೆ, ಬೀದಿಗೊಂದಿರುವ ಕೊಂಬಿನಿ ಅಂಗಡಿಯಲ್ಲಿ ಬಿಲ್ಲು ಹಾಕುವ ಹುಡುಗನ ನಿಧಾನದ ಬಗ್ಗೆ, ಎಲ್ಲವನ್ನೂ ನಗುಮುಖದಲ್ಲಿ ಗಟ್ಟಿಯಾಗಿ ಹೇಳುತ್ತಾರೆ. ನಾನು ಕಣ್ಣು ಬಿಟ್ಟರೆ ಒಂದೇ ಉತ್ತರ: "ಯಾರಿಗ್ ಅರ್ಥ ಆಗುತ್ತೆ ಬಿಡೆ." ಜಪಾನಿಯಲ್ಲಿ ಸುಮಿಮಾಸೆನ್, ಕ್ಷಮಿಸಿ, ಎನ್ನುವಾಗ ಮಾತ್ರ ಇವರ ದನಿ ಹಾಲಿನಂತಿರುತ್ತದೆ.

ಮಗಳು ನೀರು ತುಂಬುವುದನ್ನು ಯಾವಾಗಲೋ ಬಿಟ್ಟಿದ್ದಳು. ಮೊದಲು ಅವಳಿಗೆ ಎದುರಾಳಿಗಳ ವಿಡಿಯೋ ನೋಡುವ ಕೆಲಸ ಕೊಟ್ಟರು. ಅವಳು ಅದರಲ್ಲಿ ಕಂಡದ್ದೆಲ್ಲ ಪಂದ್ಯದಲ್ಲಿ ನಿಜವಾಗುತ್ತ ಬಂತು. ಇಂಥ ತಂಡಗಳನ್ನು ಬಹುಪಾಲು ವಿದ್ಯಾರ್ಥಿಗಳೇ ನಡೆಸುತ್ತಾರೆ. ನಾಲ್ಕನೆಯ ವರ್ಷಕ್ಕೆ ರನ್ನೋ ಪಾಸೋ ಎಂದು ಹೇಳುವ ಕೆಲಸವನ್ನೇ ಅವಳಿಗೆ ಒಪ್ಪಿಸಿದರು. ಪ್ರೇಕ್ಷಕರ ಮೆಟ್ಟಿಲುಗಳ ತುತ್ತತುದಿಯಲ್ಲಿ, ಮೈದಾನವೆಲ್ಲ ಕಾಣುವ ಜಾಗದಲ್ಲಿ ಒಂದು ಮೇಜು ಹಾಕಿಕೊಂಡು, ಕಿವಿಗೆ ಹೆಡ್‌ಸೆಟ್ ಹಾಕಿಕೊಂಡು ಅವಳು ಕೂರುತ್ತಿದ್ದಳು. ಅಲ್ಲಿಂದ ಅವಳು ಹೇಳಿದ್ದನ್ನು ಕೆಳಗಿನ ಹುಡುಗರು ಆಡುತ್ತಿದ್ದರು.

ಇದು ನನಗೊಬ್ಬಳಿಗೇ ಗೊತ್ತಿತ್ತು. "ಅಪ್ಪಂಗೆ ಹೇಳ್ಬೇಡ ಅಮ್ಮಾ. ಡಿನ್ನರ್‌ನಲ್ಲಿ ಕೋಚಿಂಗ್ ಶುರು ಮಾಡ್ತಾರೆ," ಎಂದಿದ್ದಳು. ಅವಳು ಹೇಳಿದ್ದು ನೂರಕ್ಕೆ ನೂರು ಸತ್ಯವಾದ್ದರಿಂದ ನಾನು ಸುಮ್ಮನಿದ್ದೆ. ಮಗಳ ಪರೀಕ್ಷೆ, ಮಗಳ ಕೂದಲು, ಮಗಳು ಸೈಕಲ್ ನಿಲ್ಲಿಸುವ ರೀತಿ, ಯಾವುದಕ್ಕೂ ಅವರ ಸಲಹೆ ಇಲ್ಲದೆ ಮುಕ್ತಿಯಿರಲಿಲ್ಲ. ಅವರ ಲೆಕ್ಕದಲ್ಲಿ ಅವಳು ಇನ್ನೂ ಮೈದಾನದ ಅಂಚಿನಲ್ಲಿ ಬಾಟಲಿ ಹಿಡಿದು ನಿಂತಿದ್ದಳು. ಅಲ್ಲಿ ಒಂದೇ ಥರದ ಜಾಕೆಟ್ಟು ಟೋಪಿ ಹಾಕಿದ ಹುಡುಗಿಯರಲ್ಲಿ ಯಾರಿಗೋ ಆಗಾಗ ಕೈ ಬೀಸಿ ತೃಪ್ತಿಪಡುತ್ತಿದ್ದರು.

ಆ ವರ್ಷದ ಕೊನೆಯ ಪಂದ್ಯದಲ್ಲಿ ಸೋತವರು ಕೆಳಗಿನ ದರ್ಜೆಗೆ ಇಳಿಯಬೇಕಿತ್ತು. ಮಗಳಿಗೆ ಅದೇ ಕೊನೆಯ ಆಟ. ಸೋತರೆ ಅವಳು ಪದವಿ ತೆಗೆದುಕೊಂಡು ಹೋಗುತ್ತಾಳೆ, ಅವಳ ಕಿರಿಯರು ಮುಂದಿನ ವರ್ಷ ಕೆಳಗೆ ಆಡುತ್ತಾರೆ. ಅದೊಂದನ್ನು ಅವಳು ಸಹಿಸಲಾರಳಾಗಿದ್ದಳು. ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ. ಹಿಂದಿನ ದಿನ ಅಡುಗೆಮನೆಯಲ್ಲಿ ನಿಂತು, ಅರ್ಧ ಜಪಾನಿ ಅರ್ಧ ಕನ್ನಡದಲ್ಲಿ ನನಗೆ ಹೇಳಿದಳು: ಎಸೆಯುವ ಹುಡುಗನ ಭುಜಕ್ಕೆ ಪೆಟ್ಟಾಗಿದೆ, ಹೊರಗೆ ಯಾರಿಗೂ ಗೊತ್ತಾಗಬಾರದು, ಗೊತ್ತಾದರೆ ಎದುರಾಳಿಗಳು ಪಾಸಿನ ಭಯವನ್ನೇ ಬಿಡುತ್ತಾರೆ. "ಸೋ ರನ್. ರನ್ ಮಾತ್ರ," ಎಂದಳು.

ಮರುದಿನ ನಮ್ಮ ಮೂವರು ಪಂಡಿತರು ಕೂತದ್ದು ಸರಿಯಾಗಿ ಅವಳ ಮೇಜಿನ ಕೆಳಗಿನ ಸಾಲಿನಲ್ಲಿ; ಮೈದಾನ ಬಿಟ್ಟು ಹಿಂದೆ ತಿರುಗಿ ನೋಡುವವರಲ್ಲ ಅವರು. ಭೂಕಂಪದಲ್ಲಿ ಬಿರುಕು ಬಿಟ್ಟು ಆಮೇಲೆ ಸಿಮೆಂಟಿನ ತೇಪೆ ಹಾಕಿಸಿಕೊಂಡ ಮೆಟ್ಟಿಲುಗಳವು, ಬಿಸಿಲು ಬೀಳುತ್ತಿದ್ದದ್ದು ಅಲ್ಲಿ ಮಾತ್ರ. ಬೇರೆ ಕಡೆ ಕೂರೋಣ ಎಂದೆ. "ಚಳೀಲಿ ಸಾಯೋದಾ?" ಎಂದರು. ಮೆಲ್ಲಗೆ ಮಾತಾಡಿ ಎಂದೆ. ಉತ್ತರ ನಿಮಗೆ ಗೊತ್ತೇ ಇದೆ.

ತಂಡ ರನ್ ಆಡಿತು. ಮತ್ತೆ ರನ್. ಹುಡುಗರು ಗೂಳಿಗಳಂತೆ ನುಗ್ಗಿ ಎರಡು ಗಜ, ಮೂರು ಗಜ ಎಂದು ಕಿತ್ತು ತರುತ್ತಿದ್ದರು. ಮಗಳು ಹೇಳಿದ ಹಾಗೆಯೇ ನಡೆಯುತ್ತಿತ್ತು, ಅವಳ ತಂಡವೇ ಮುಂದಿತ್ತು. ಗೆಲ್ಲುತ್ತಿರುವ ತಂಡವನ್ನು ಇಷ್ಟು ಬೈದ ಅಭಿಮಾನಿಗಳನ್ನು ನಾನು ಎಲ್ಲೂ ನೋಡಿಲ್ಲ.

"ಯಾವ್ ಗೂಬೆನಪ್ಪಾ ಇದನ್ನ ಡಿಸೈಡ್ ಮಾಡ್ತಿರೋದು?" ಎಂದರು ನನ್ನ ಗಂಡ. "ತಲೇಲಿ ಏನಾದ್ರೂ ಇದ್ಯಾ ಇವ್ನಿಗೆ? ಅಲ್ಲಿ ಫುಲ್ ಖಾಲಿ ಇದೆ, ಒಂದ್ ಪಾಸ್, ಮುಗೀತು."

"ಭಯ ಸರ್ ಅವ್ನಿಗೆ. ರಿಸ್ಕ್ ತಗೊಳ್ಳೋ ಧೈರ್ಯ ಇಲ್ಲ," ಎಂದ ಸಾಫ್ಟ್‌ವೇರಿನವನು.

ಅಂದು ಧಾರವಾಡದವನೂ ಪಕ್ಷಾಂತರ ಮಾಡಿದ. "ನಾ ರನ್ ಮಂದ್ಯಾಗಿನವ, ಖರೆ. ಆದ್ರ ಇಷ್ಟು ರನ್ ಯಾರ್ ಮಾಡ್ತಾರ್ರೀ?"

ನಾನು ಗಂಡನ ತೋಳು ಚಿವುಟಿದೆ. ಅವರು ತೋಳು ಉಜ್ಜಿಕೊಂಡು ಇನ್ನೂ ಗಟ್ಟಿಯಾಗಿ ಮಾತಾಡಿದರು. ಹಿಂದಿರುಗಿ ಮೇಲೆ ನೋಡಿದೆ. ಮಗಳು ನಮ್ಮ ಕಡೆ ನೋಡಲಿಲ್ಲ. ಒಂದು ಕಿವಿಯ ಹೆಡ್‌ಸೆಟ್ಟನ್ನು ಸರಿಸಿಕೊಂಡಿದ್ದಳು, ಪಕ್ಕದ ಹುಡುಗನ ಮಾತು ಕೇಳಲೆಂದು ಇರಬೇಕು.

ಕೊನೆಯ ಕೆಲವು ನಿಮಿಷ ಉಳಿದಿದ್ದವು. ಇನ್ನೊಂದು ರನ್ ಮಾಡಿ ಸಮಯ ಕಳೆದು, ಆಮೇಲೆ ಚೆಂಡನ್ನು ದೂರ ಒದ್ದುಬಿಟ್ಟಿದ್ದರೆ ಎದುರಾಳಿಗಳಿಗೆ ಹೆಚ್ಚೇನೂ ಸಮಯ ಉಳಿಯುತ್ತಿರಲಿಲ್ಲ. ನನಗೇ ತಿಳಿಯುವಷ್ಟು ಸರಳವಾದ ಲೆಕ್ಕ. ನನ್ನ ಗಂಡ ಎದ್ದೇ ನಿಂತರು. "ನಾನ್ ಬರ್ಕೊಡ್ತೀನಿ, ಈಗ್ ಪಾಸ್ ಮಾಡಿದ್ರೆ ಗ್ಯಾರಂಟಿ. ಗ್ಯಾರಂಟಿ!" ಎಂದರು.

ಪಾಸ್ ಬಂತು. ಮೂವರೂ ಕೈ ಎತ್ತಿ ಕುಣಿದರು. ಚೆಂಡು ಗಾಳಿಯಲ್ಲಿ ಸೋತಂತೆ ತೇಲಿ ನೇರವಾಗಿ ಎದುರಾಳಿಯ ಎದೆಗೆ ಬಿತ್ತು, ಅವನು ಅದನ್ನು ಹಿಡಿದು ಮೈದಾನದ ಇನ್ನೊಂದು ತುದಿಯವರೆಗೂ ಓಡಿದ. ಆ ಅಂಕಗಳಿಂದ ಅವರು ಮುಂದಾದರು, ಆಟ ಅಲ್ಲಿಗೆ ಮುಗಿದಂತಾಯಿತು.

"ಗೆಲ್ತಾ ಇರೋವಾಗ ಯಾವನಾದ್ರೂ ಪಾಸ್ ಮಾಡ್ತಾನಾ? ಕಾಮನ್‌ಸೆನ್ಸ್ ಬೇಡ್ವಾ?" ಎಂದರು ನನ್ನ ಗಂಡ, ಕೂರುತ್ತ.

ನಾನು ಅವರ ಮುಖ ನೋಡಿದೆ. ನಾಚಿಕೆಯ ಒಂದು ಗೆರೆಯೂ ಇರಲಿಲ್ಲ. ಇಷ್ಟು ವರ್ಷ ಈ ಮನುಷ್ಯನಿಗೆ ಸಾರು ಬಡಿಸಿದೆನಲ್ಲ ಎಂದು ಮೈಯೆಲ್ಲ ಉರಿಯಿತು.

ಇಲ್ಲಿ ಪಂದ್ಯ ಮುಗಿದ ಮೇಲೆ ತಂಡ ಸಾಲಾಗಿ ನಿಂತು ಪ್ರೇಕ್ಷಕರಿಗೆ ಬಾಗಿ ವಂದಿಸುವ ಪದ್ಧತಿ. ಸೋತವರೂ ನಿಲ್ಲಬೇಕು. ನಾಯಕ ಅಳುತ್ತಲೇ ಬೆಂಬಲಕ್ಕೆ ಕೃತಜ್ಞತೆ ಹೇಳಿದ. ಅವನ ನಂತರ ಮಗಳು ಒಂದು ಹೆಜ್ಜೆ ಮುಂದೆ ಬಂದಳು, ಹೆಡ್‌ಸೆಟ್ ಇನ್ನೂ ಕುತ್ತಿಗೆಯಲ್ಲೇ ಇತ್ತು. ಯಾವ ಆಟ ಆಡಬೇಕೆಂದು ಈ ವರ್ಷವೆಲ್ಲ ನಿರ್ಧರಿಸಿದವಳು ನಾನು, ಇಂದಿನ ಸೋಲು ಆಟಗಾರರದಲ್ಲ, ನನ್ನದು, ಎಂದು ಸ್ಪಷ್ಟವಾದ ಜಪಾನಿಯಲ್ಲಿ ಹೇಳಿ ಸೊಂಟ ಬಾಗಿಸಿದಳು. ತುಂಬ ಹೊತ್ತು ಏಳಲಿಲ್ಲ. ನನ್ನ ಮಗಳು ಆ ಮೂರು ಜನ ಬಾಯಿಬಡುಕರ ಎದುರು ತಲೆ ತಗ್ಗಿಸಿ ಕ್ಷಮೆ ಕೇಳುವುದನ್ನು ನಾನು ನೋಡಿದೆ. ಅದಕ್ಕಿಂತ ಕೆಟ್ಟದ್ದನ್ನು ನಾನು ಈ ದೇಶದಲ್ಲಿ ನೋಡಿಲ್ಲ.

ಹಳೆಯ ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ನಮ್ಮವರು ಕಲ್ಲಾಗಿದ್ದರು. ಸಾಫ್ಟ್‌ವೇರಿನವನೇ ಮೊದಲು ಚೇತರಿಸಿಕೊಂಡ. "ಮೊದ್ಲೇ ಹೇಳ್ಬಾರ್ದಿತ್ತಾ ಸರ್? ನಿಮ್ ಮಗಳು ಅಂತ ಗೊತ್ತಿದ್ರೆ ನಾವೂ ರನ್ನೇ ಅಂತಿದ್ವಿ," ಎಂದ. ಉಳಿದ ಪುಳಿಯೋಗರೆಯನ್ನು ಅವನ ತಲೆಯ ಮೇಲೆ ಸುರಿಯದೆ ಇದ್ದದ್ದು ನನ್ನ ತಂದೆತಾಯಿ ಕಲಿಸಿದ ಸಂಸ್ಕಾರ.

ಕಾರಿನಲ್ಲಿ ಮಗಳು ಹಿಂದೆ ಕೂತಳು. ನನ್ನ ಗಂಡನಿಗೆ ಮೌನ ಒಗ್ಗುವುದಿಲ್ಲ. ಕೆಂಪು ದೀಪದಲ್ಲಿ ಕಾರು ನಿಂತಾಗ ಗಂಟಲು ಸರಿಮಾಡಿಕೊಂಡು, ತಮ್ಮ ಮಟ್ಟಿಗೆ ತುಂಬ ಮೃದುವಾಗಿ ಶುರು ಮಾಡಿದರು. "ತುಂಬಾ ಚೆನ್ನಾಗಿ ಮಾಡಿದ್ದೀಯ ಪುಟ್ಟಾ. ನಂಗೆ ಒಂದು ಮಾತು ಹೇಳಿದ್ರೆ... ಹೋಗ್ಲಿ. ಕೊನೇಲಿ ಆ ಒಂದು ಪಾಸ್ ಮಾತ್ರ ಯಾಕೆ?"

ಅವಳು ಜಪಾನಿಯಲ್ಲಿ ಉತ್ತರಿಸುತ್ತಾಳೆಂದು ನಾನು ಕಾದೆ. ಅವಳು ಕನ್ನಡದಲ್ಲಿ, ಒಂದೊಂದೇ ಮಾತು ಹುಡುಕಿ ಹೇಳಿದಳು.

"ಮೇಲೆ ಎಲ್ಲಾ ಕೇಳಿಸ್ತಿತ್ತು ಅಪ್ಪಾ. ನಾನು ರನ್ ಅಂತಾನೇ ಇದ್ದೆ. ಗ್ಯಾರಂಟಿ ಅಂದ್ರಲ್ಲ. ಅಪ್ಪಂಗೆ ಏನೋ ಕಾಣ್ಸಿದೆ, ನಂಗೆ ಕಾಣ್ತಿಲ್ಲ ಅನ್ಕೊಂಡೆ."

ದೀಪ ಹಸಿರಾಯಿತು. ಅವರು ಕಾರು ಮುಂದೆ ಬಿಡಲಿಲ್ಲ, ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಎದುರಿಗೆ ನೋಡುತ್ತ ಕೂತಿದ್ದರು. ಹಿಂದಿನ ಕಾರಿನವರು ಹಾರ್ನ್ ಹೊಡೆಯಲಿಲ್ಲ, ಇಲ್ಲಿ ಯಾರೂ ಹೊಡೆಯುವುದಿಲ್ಲ. ಬೈಯಬೇಕೆಂದು ಮಧ್ಯಾಹ್ನದಿಂದ ಕೂಡಿಟ್ಟ ಮಾತುಗಳೆಲ್ಲ ನನ್ನ ಬಾಯಲ್ಲೇ ಇದ್ದವು.

"ಹಸಿರಾಯ್ತು ರೀ, ಹೊರಡಿ," ಎಂದೆ.