ಬ್ಯಾಡಗಿಯಲ್ಲಿ ಸೋಸಿದ ಪೇರಲ ವೈನು

ರಾಣೆಬೆನ್ನೂರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ಪರಿಚಯದ ಬಸಣ್ಣನವರ ಮನೆಗೆ ಹೋದೆ. ಅವರು ಪಡಸಾಲೆಯಲ್ಲಿ ಕೂತು, ತಾವೇ ಮಾಡಿದ ಪೇರಲ ಹಣ್ಣಿನ ವೈನನ್ನು ಬಾಟಲಿಗೆ ತುಂಬುವ ತಯಾರಿಯಲ್ಲಿದ್ದರು. ಹೋದ ವರ್ಷದ್ದು ತಿಳಿಯಾಗಲೇ ಇಲ್ಲವೆಂದು ಅಷ್ಟನ್ನೂ ಚೆಲ್ಲಿದ್ದರಂತೆ.

“ತತ್ತಿ ಬಿಳಿ ಹಾಕಿದ್ರ ತಿಳಿ ಆಗತೈತಂತ್ರಿ. ಆದ್ರ ನಮ್ಮ ಮನ್ಯಾಗ ತತ್ತಿ ನಡ್ಯಂಗಿಲ್ಲ,” ಎಂದರು. ವೈನು ನಡೆಯುತ್ತಿತ್ತು.

ತಳದ ಗಷ್ಟು ಕದಡದ ಹಾಗೆ ಮೇಲಿನದನ್ನಷ್ಟೇ ಸಣ್ಣ ಪೈಪಿನಲ್ಲಿ ಇಳಿಸಿಕೊಂಡು, ಹೆಂಡತಿ ಗಂಗಕ್ಕ ಒಗೆದು ಕೊಟ್ಟ ತೆಳು ಅರಿವೆಯಲ್ಲಿ ಸೋಸಿದರು. ಈ ಸಲ ಗಾಜಿನಷ್ಟು ತಿಳಿಯಾಗಿ ಬಂತು. ಆದರೆ ಹಳದಿ ಇದ್ದದ್ದು ನಸುಗೆಂಪಾಗಿ ಯಾಕೆ ಬಂತೋ ತಿಳಿಯಲಿಲ್ಲ. ನನಗೇ ಮೊದಲು ಕೊಟ್ಟರು. ಒಂದು ಗುಟುಕಿಗೆ ಗಂಟಲು ಉರಿದು ಕೆಮ್ಮು ಹತ್ತಿತು.

“ಆ ಅರಿವ್ಯಾಗ ಮೊದಲ ಏನ್ ಸೋಸಿದ್ರಿ?” ಎಂದೆ.

“ಖಾರಪುಡಿ. ಚಲೋತ್ನಂಗ ಒಗದೇನ್ರಿ,” ಎಂದರು ಗಂಗಕ್ಕ.

ಬಸಣ್ಣನವರು ತಾವೂ ಅರ್ಧ ಗ್ಲಾಸು ಕುಡಿದರು. ಮುಖದಲ್ಲಿ ಏನೂ ಕಾಣಗೊಡಲಿಲ್ಲ.

“ನಮ್ಮ ಬ್ಯಾಡಗಿ ಕಾಯಿ ಬಣ್ಣ ಕೊಡತೈತ್ರಿ. ಖಾರ ಎಲ್ಲೈತಿ? ನಿಮ್ಮ ಗಂಟಲಾನ ನಾಜೂಕ ಐತಿ.”

ಗಂಗಕ್ಕ ಒಳಗೆ ಹೋಗಿ ತಾಟಿನಲ್ಲಿ ಎರಡು ತುಂಡು ಬೆಲ್ಲ ತಂದರು. ಒಂದನ್ನು ನಾನು ತೆಗೆದುಕೊಂಡೆ. ಇನ್ನೊಂದನ್ನು ಬಸಣ್ಣನವರು, ಯಾರ ಕಡೆಗೂ ನೋಡದೆ, ಬಾಯಿಗೆ ಹಾಕಿಕೊಂಡು ಮೊದಲ ಬಾಟಲಿಗೆ ಬಿರಡೆ ಒತ್ತಿದರು.