ಹೂಬಟ್ಟಲಾದ ರಿಕಾರ್ಡು

ನಾರಾಯಣಪುರದ ಕಾಲುವೆ ಕ್ವಾರ್ಟರ್ಸ್‌ನಲ್ಲಿ ನಮ್ಮ ಪಕ್ಕದ ಮನೆಯ ಗುಮಾಸ್ತರು ರವಿವಾರ ಬಂತೆಂದರೆ ಸುರಪುರ, ಶಹಾಪುರದ ಗುಜರಿ ಅಂಗಡಿಗಳಿಗೆ ಹೋಗಿಬಿಡುವರು. ಅವರು ಕೂಸಿದ್ದಾಗಲೇ ತೀರಿಕೊಂಡ ತಾಯಿ ಹಾಡಿದ್ದ ಒಂದು ಗ್ರಾಮಫೋನ್ ರಿಕಾರ್ಡು ಅವರಿಗೆ ಬೇಕಿತ್ತು. ಸಿಕ್ಕ ರಿಕಾರ್ಡಿನ ನಡುವಿನ ಚೀಟಿಯನ್ನು ಹೆಬ್ಬೆರಳಿನಿಂದ ಒರೆಸಿ ಓದಿ, “ಇದಲ್ರಿ” ಎಂದು ಇಟ್ಟುಬಿಡುವರು.

ಒಂದು ಶ್ರಾವಣ ಸೋಮವಾರ ಪ್ರಸಾದಕ್ಕೆ ಬಂದ ಗುಮಾಸ್ತರು ನಮ್ಮ ದೇವರ ಜಗಲಿಯ ಹೂಬಟ್ಟಲು ನೋಡಿ ನಿಂತರು. ತವರಿನಿಂದ ತಂದ ಹಳೆಯ ರಿಕಾರ್ಡನ್ನು ಒಲೆಯ ಕಾವಿನಲ್ಲಿ ಮೆತ್ತಗಾಗಿಸಿ ನಾನೇ ಬಗ್ಗಿಸಿದ್ದ ಬಟ್ಟಲು ಅದು. ಹೂ ಸರಿಸಿ ಚೀಟಿ ಓದಿದರು.

“ನಮ್ಮವ್ವನ ಹೆಸರದರಿ.”

ನಾನು ಉಳಿದ ಹೂ ತೆಗೆದು ಬಟ್ಟಲನ್ನು ಅವರ ಕೈಗೆ ಕೊಟ್ಟೆ. “ನನಗ ಗೊತ್ತಿದ್ದಿಲ್ರಿ ಅಣ್ಣಾರ. ಇನ್ನ ಅದು ಹಾಡಂಗಿಲ್ಲಲ್ರಿ.”

ಅವರು ಬೈಯಲಿಲ್ಲ, ಅದೊಂದು ದೇವರ ದಯೆ. ಬಟ್ಟಲನ್ನು ಎದೆಗೊತ್ತಿಕೊಂಡು ಅಂದರು: “ಆಕಿ ರಿಕಾರ್ಡಿಗೆ ಹಾಡಿದ್ದೇ ಸುಳ್ಳು ಅಂತಿದ್ರು ನಮ್ಮ ಮನಿ ಮಂದಿ. ಖರೇನ ಹಾಡ್ಯಾಳ್ರಿ ಅಕ್ಕಾರ.”