ಶಾಲು ಹೊದಿಸಿದವರು

ಮಗಳಿಗೆ ಹೊರರಾಜ್ಯದ ವಾಸ್ತುಶಿಲ್ಪ ಕಾಲೇಜಿನಲ್ಲಿ ಸೀಟು ಸಿಕ್ಕ ಸುದ್ದಿ ಬಂದ ವಾರವೇ ನಮ್ಮ ಸಮಾಜದ ಸಂಘದವರು ಕಲಬುರಗಿಯಲ್ಲಿ ಅವಳಿಗೆ ಸತ್ಕಾರ ಏರ್ಪಡಿಸಿದರು. ಶಾಲೆಯ ದಿನಗಳಿಂದಲೂ ಕೋಟೆಯೊಳಗಿನ ಮಸೀದಿಯ ಕಮಾನುಗಳ ಕೆಳಗೆ ಕುಳಿತು ಚಿತ್ರ ಬರೆಯುತ್ತಿದ್ದ ಹುಡುಗಿ ಅವಳು. ಆ ಒಂದು ಕಾಲೇಜನ್ನು ಬಿಟ್ಟು ಬೇರೆ ಯಾವುದರ ಹೆಸರನ್ನೂ ಅವಳು ಎತ್ತಿದ್ದಿಲ್ಲ.

ಕಾಲೇಜು ವಿದ್ಯಾರ್ಥಿವೇತನವನ್ನು ಕೊಟ್ಟಿತ್ತು, ನಿಜ. ಆದರೆ ಅದು ಬೋಧನಾ ಶುಲ್ಕದ ಅರ್ಧಕ್ಕೆ ಮಾತ್ರ. ಉಳಿದ ಅರ್ಧ, ಹಾಸ್ಟೆಲ್, ಊಟ, ಕಂಪ್ಯೂಟರ್, ಕಟ್ಟಡಗಳ ಮಾದರಿ ಮಾಡಲು ಬೇಕಾಗುವ ಸಾಮಾನು, ಎಲ್ಲವೂ ನಮ್ಮ ಪಾಲಿಗೆ ಉಳಿದಿದ್ದವು. ನಾನು ಕಚೇರಿಯೊಂದರಲ್ಲಿ ಗುಮಾಸ್ತೆ. ನನ್ನ ಪತಿ ಕಪನೂರಿನ ಕಾರ್ಖಾನೆಯಲ್ಲಿ ಮೇಲ್ವಿಚಾರಕರು. ಇಬ್ಬರ ಸಂಬಳವನ್ನು ಕೂಡಿಸಿದರೆ ಸರ್ಕಾರದ ನೆರವಿನ ಮಿತಿಯನ್ನು ದಾಟುತ್ತೇವೆ, ಕಾಲೇಜಿನ ಶುಲ್ಕವನ್ನು ಮುಟ್ಟುವುದಿಲ್ಲ.

ಸತ್ಕಾರದ ದಿನ ಸಂಘದ ಅಧ್ಯಕ್ಷರು ಮಗಳಿಗೆ ಶಾಲು ಹೊದಿಸಿ ಮೈಕಿನ ಮುಂದೆ ನಿಂತರು.

"ನಮ್ಮ ಹುಡುಗಿಗಿ ಕಾಲೇಜಿನವ್ರೇ ಎಲ್ಲಾ ಖರ್ಚು ಕೊಡ್ಲಾಕತ್ತಾರ. ತಂದಿ-ತಾಯಿಗಿ ಒಂದ್ ರೂಪಾಯಿ ಭಾರ ಇಲ್ಲ."

ಸಭೆ ಚಪ್ಪಾಳೆ ತಟ್ಟಿತು. ನಾನು ಕುರ್ಚಿಯಿಂದ ಅರ್ಧ ಎದ್ದು ಮತ್ತೆ ಕುಳಿತೆ. ವೇದಿಕೆಯ ಮೇಲಿರುವ ಹಿರಿಯರನ್ನು ತಿದ್ದುವುದು ನಮ್ಮಲ್ಲಿ ಸಲ್ಲದು. ಅದಲ್ಲದೆ ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ನಾಲ್ಕು ಜನರ ಮುಂದೆ ಏನಾದರೂ ತಪ್ಪು ಆಡಿಬಿಟ್ಟೇನೆಂಬ ಅಂಜಿಕೆ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಮರುದಿನ ಅಧ್ಯಕ್ಷರ ಮಾತು ಪತ್ರಿಕೆಯಲ್ಲಿ ಅಚ್ಚಾಯಿತು.

ಬ್ಯಾಂಕಿನವರು ನಮಗೆ ಬೇಕಾದಷ್ಟು ಸಾಲಕ್ಕೆ ಆಸ್ತಿಯ ಜಾಮೀನು ಕೇಳಿದರು. ನಾವಿರುವುದು ಬಾಡಿಗೆ ಮನೆಯಲ್ಲಿ. ಆಗ ನನಗೆ ಸಂಘದ ಶಿಕ್ಷಣ ನಿಧಿ ನೆನಪಾಯಿತು. ಓದುವ ಮಕ್ಕಳಿಗೆ ಬಡ್ಡಿಯಿಲ್ಲದೆ ಸಾಲ ಕೊಡಲೆಂದೇ ಅದನ್ನು ಕೂಡಿಸಿದ್ದಾರೆ. ಜಗತ್ ವೃತ್ತದ ಬಳಿಯಿರುವ ಅಧ್ಯಕ್ಷರ ಬಟ್ಟೆ ಅಂಗಡಿಗೆ ಹೋದೆ.

"ನಿಮಗ ಎಲ್ಲಾ ಬಂದದಲ್ರೀ ಮೇಡಂ? ನಾನೇ ಮೈಕಿನ್ಯಾಗ ಹೇಳೀನಿ," ಎಂದರು.

"ನೀವು ಹೇಳಿದ್ದು ಸರಿ ಇಲ್ರೀ. ಅರ್ಧಾ ಫೀಸ್ ಅಷ್ಟೇ ಮಾಫ್ ಆಗ್ಯದ."

"ಮತ್ತ ಅವತ್ತೇ ಹೇಳಬೇಕಿತ್ತಲ್ರೀ. ಈಗ ಪೇಪರ್‌ನ್ಯಾಗ ಬಂದ್ಬಿಟ್ಟದ. ಕಮಿಟಿಯವ್ರಿಗಿ ಏನಂತ ಹೇಳ್ಲಿ? ಇಬ್ಬರೂ ಪಗಾರ ತೊಗೊಳ್ತೀರಿ. ಇಲ್ಲೇ ಯಾವ್ದಾರ ಕಾಲೇಜಿಗಿ ಹಾಕ್ರಿ, ಹುಡುಗಿ ಮದಿವಿ ಖರ್ಚಾರ ಉಳೀತದ."

ತಮ್ಮ ಮಾತಿಗೆ ತಾವೇ ನಕ್ಕರು. ತಪ್ಪು ಹೇಳಿದವರು ಅವರು; ಅದನ್ನು ತಿದ್ದದಿದ್ದುದು ನನ್ನ ಅಪರಾಧವಾಯಿತು. ನನಗೆ ಸಿಟ್ಟು ಬಂದಿತ್ತು. ಆದರೂ ನಮಸ್ಕಾರ ಹೇಳಿ ಹೊರಬಂದೆ. ಆ ನಮಸ್ಕಾರಕ್ಕಾಗಿ ನನ್ನ ಮೇಲೆಯೇ ನನಗೆ ಇಂದಿಗೂ ಸಿಟ್ಟಿದೆ.

ಅಷ್ಟರಲ್ಲಿ ನನ್ನ ತವರೂರಾದ ಕಮಲಾಪುರದಲ್ಲಿ ಅಣ್ಣ ಮತ್ತು ಊರ ಹಿರಿಯರು ಇನ್ನೊಂದು ಸತ್ಕಾರ ಗೊತ್ತುಮಾಡಿದ್ದರು. ಮತ್ತೆ ಶಾಲು, ಮತ್ತೆ ಹಾರ, ಕೆಂಪು ಬಾಳೆಯ ಚಿಪ್ಪು ಇಟ್ಟ ಹಣ್ಣಿನ ಬುಟ್ಟಿ. ತಾಯಿಯೂ ಎರಡು ಮಾತಾಡಲಿ ಎಂದರು. ಈ ಸಲ ನಾನು ಮೈಕು ಹಿಡಿದೆ.

"ನನ್ನ ಮಗಳಿಗೆ ದೊರೆತಿರುವುದು ಅರ್ಧ ನೆರವು ಮಾತ್ರ. ಉಳಿದ ಹಣ ಈ ತಿಂಗಳೊಳಗೆ ಕಟ್ಟದಿದ್ದರೆ ಸೀಟು ಹೋಗುತ್ತದೆ. ನಮಗೆ ಸತ್ಕಾರ ಬೇಡ. ಕೈಲಾದವರು ಸಾಲ ಕೊಡಿ, ನಾನು ತೀರಿಸುತ್ತೇನೆ."

ಮುಂದಿನ ಸಾಲಿನವರು ತಮ್ಮ ಮೊಬೈಲುಗಳನ್ನು ನೋಡತೊಡಗಿದರು. ಕೊನೆಗೆ ನಿರೂಪಕರು, "ಊಟಕ್ಕ ಏಳ್ರಿ ಎಲ್ಲಾರೂ, ಹುಗ್ಗಿ ಆರ್ಲಾಕತ್ತದ," ಎಂದರು. ಜನ ಎದ್ದರು.

ಅಣ್ಣ ನನ್ನನ್ನು ಕಂಬದ ಮರೆಗೆ ಕರೆದ. "ಊರ ಮುಂದ ಕೈ ಚಾಚಿದಿ. ನಮ್ಮ ಇಜ್ಜತ್ ಏನ್ ಉಳೀತು ತಂಗಿ?"

"ಇಜ್ಜತ್ತಿನ ಮ್ಯಾಲ ಬ್ಯಾಂಕಿನವ್ರು ಸಾಲ ಕೊಡ್ತಿದ್ರ ನಾ ಇಲ್ಲಿ ಬಾಯಿ ತೆರೀತಿದ್ದಿಲ್ಲಣ್ಣ. ಈ ಪೆಂಡಾಲಿಗಿ, ಊಟಕ್ಕ ಎಷ್ಟು ಹಾಕೀರಿ? ಅದನ್ನಾರ ಕೊಡಬೇಕಿತ್ತು."

"ಅದು ಊರ ರೊಕ್ಕ," ಎಂದ ಅಣ್ಣ.

ಮಗಳು ಬುಟ್ಟಿ ಹಿಡಿದುಕೊಂಡು ಬಂದು, "ನಡಿ ಅವ್ವಾ, ಬಸ್ಸಿನ ಟೈಮ್ ಆಯ್ತು," ಎಂದಳು.

ಊರಿನಿಂದ ಯಾರೂ ಫೋನು ಮಾಡಲಿಲ್ಲ. ನನ್ನ ಬಂಗಾರವನ್ನು ಮಾರಿದೆವು. ಭವಿಷ್ಯ ನಿಧಿಯಿಂದ ತೆಗೆಯಬಹುದಾದಷ್ಟನ್ನೂ ತೆಗೆದೆವು. ಮೊದಲ ವರ್ಷದ ಹಣ ಕಟ್ಟಿದ್ದಾಯಿತು, ಮಗಳು ಸೇರಿದಳು. ಎರಡನೆಯ ವರ್ಷಕ್ಕೆ ಏನು ಮಾಡಬೇಕೆಂಬುದು ಇದನ್ನು ಬರೆಯುವ ಹೊತ್ತಿಗೂ ನನಗೆ ತಿಳಿದಿಲ್ಲ. ತಮ್ಮ ಸಂಘ ಬೆಳೆಸಿದ ಹುಡುಗಿ ಎಂದು ಅಧ್ಯಕ್ಷರು ಈಗಲೂ ಭಾಷಣಗಳಲ್ಲಿ ಹೇಳುತ್ತಾರಂತೆ.

ಕಳೆದ ವಾರ ಮಗಳು ಫೋನಿನಲ್ಲಿ ಮಾತಾಡುತ್ತ, ತರಗತಿಯವರೆಲ್ಲ ಅಧ್ಯಯನ ಪ್ರವಾಸಕ್ಕೆ ಹೊರಟಿದ್ದಾರೆಂದು ಹೇಳಿದಳು.

"ಮತ್ತ ನೀ?"

"ನನಗ ಅಷ್ಟು ಮನಸ್ಸಿಲ್ಲ ಬಿಡವ್ವ. ಕಡ್ಡಾಯ ಏನಿಲ್ಲ."

"ಖರ್ಚು ಎಷ್ಟದ?"

"ಗೊತ್ತಿಲ್ಲ. ಕೇಳಿಲ್ಲ ನಾ."

ಅಲ್ಲಿ ಒಂದು ಹಾಳೆ ರಟ್ಟಿನ ಬೆಲೆಯನ್ನೂ ಕೇಳಿಕೊಂಡೇ ಮುಟ್ಟುವ ಹುಡುಗಿ ಅವಳು. ನನ್ನೊಂದಿಗೆ ಎಂದೂ ಸುಳ್ಳಾಡದಿದ್ದವಳು ಈಗ ಎಷ್ಟು ಸಲೀಸಾಗಿ ಆಡಿದಳು. ಅವಳಿಗೆ ಇದನ್ನು ಕಲಿಸಿದ ಒಬ್ಬರನ್ನೂ ಕ್ಷಮಿಸುವ ಮನಸ್ಸು ನನಗಿಲ್ಲ.

"ಹೆಸರು ಕೊಡು. ನಾ ರೊಕ್ಕ ಕಳಸ್ತೀನಿ," ಎಂದೆ.

"ಹೆಸರು ಕೊಡೋ ತಾರೀಖ ಮುಗದದವ್ವ," ಎಂದಳು.